ಡಬ್ಬಿರಾಯರ ಅಂಗೈ ಪರೀಕ್ಷೆ

ಲೋಕದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಶತ್ರು. ಕೆಲವರಿಗೆ ದಾಯಾದಿ, ಕೆಲವರಿಗೆ ಸಕ್ಕರೆ ಕಾಯಿಲೆ, ಇನ್ನು ಕೆಲವರಿಗೆ ಪಕ್ಕದ ಮನೆಯ ರೇಡಿಯೋ. ಡಬ್ಬಿರಾಯರಿಗೆ ಇದ್ದ ಶತ್ರು ಒಬ್ಬನೇ, ತುಕ್ಕು. ಅವರು ತುಕ್ಕನ್ನು 'ಅದು' ಎನ್ನುತ್ತಿರಲಿಲ್ಲ, 'ಅವನು' ಎನ್ನುತ್ತಿದ್ದರು. "ಅವನಿಗೆ ಸೂಜಿಮೊನೆಯಷ್ಟು ಜಾಗ ಕೊಡಿ ಸಾಕು, ಬೆಳಗಾಗೋದ್ರಲ್ಲಿ ಇಡೀ ಮನೇನೇ ಬರೆಸ್ಕೊಂಡಿರ್ತಾನೆ," ಎಂದು ಹೇಳುವಾಗ ಅವರ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು.

ಹೆತ್ತವರು ಇಟ್ಟ ಹೆಸರು ಅವರಿಗೂ ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಬಟಾಣಿ, ಟೊಮೇಟೊ, ಹಣ್ಣಿನ ಹೋಳುಗಳನ್ನು ಡಬ್ಬಿಗೆ ತುಂಬಿ ಕಳಿಸುವ ಕಾರ್ಖಾನೆಯ ಗೋದಾಮು ಅವರ ಸುಪರ್ದಿನಲ್ಲಿತ್ತು. ತುಂಬಿದ ಡಬ್ಬಿ ಲಾರಿ ಹತ್ತುವವರೆಗೂ ಅದರ ಮೈಮೇಲೆ ಒಂದು ಕಂದು ಚುಕ್ಕೆ ಬೀಳದಂತೆ ಕಾಯುವುದು ಅವರ ಕೆಲಸ. ಮೋಡ ಕವಿದರೆ ಬಾಗಿಲು ಹಾಕಿಸುವರು, ಬಿಸಿಲು ಬಂದರೆ ತೆಗೆಸುವರು, ನೆಲ ಒರೆಸಿದವರು ಒಂದು ಹನಿ ನೀರು ಬಿಟ್ಟರೆ ಅವರ ಜನ್ಮ ಜಾಲಾಡುವರು.

"ಡಬ್ಬಿ ಅಂದ್ರೆ ಏನಂದ್ಕೊಂಡಿದೀರಿ?" ಎಂದು ಅವರು ಸಿಕ್ಕಸಿಕ್ಕವರಿಗೆ ಪಾಠ ಶುರುಮಾಡುತ್ತಿದ್ದರು. "ಒಳಗೆ ಉಕ್ಕು, ಮೇಲೆ ತವರ. ಆ ತವರ ಎಷ್ಟು ತೆಳು ಗೊತ್ತಾ? ಅದರ ಮುಂದೆ ಈರುಳ್ಳಿ ಸಿಪ್ಪೆ ಕಂಬಳಿ! ತವರ ಅನ್ನೋದು ಮಾನ ಇದ್ದ ಹಾಗೆ. ಒಂದು ಸಲ ಗೀಚಿತು ಅಂದ್ರೆ ಮುಗೀತು, ಅವನು ಒಳಗೆ ಕೂತ."

ಬೀದಿಯ ದಿನಸಿ ಅಂಗಡಿಯವನು ರಾಯರು ದೂರದಲ್ಲಿ ಕಾಣಿಸಿದ ಕೂಡಲೇ ನೆಗ್ಗಿದ ಡಬ್ಬಿಗಳನ್ನು ಗೋಣಿಚೀಲದ ಹಿಂದೆ ತಳ್ಳುತ್ತಿದ್ದ. ನೆಂಟರ ಮನೆಗೆ ಹೋದರೆ ರಾಯರು ಮೊದಲು ಅಡುಗೆಮನೆಯ ಕಪಾಟು ನೋಡಿ, ಆಮೇಲೆ ನೆಂಟರ ಮುಖ ನೋಡುತ್ತಿದ್ದರು. ಹೆಂಡತಿಗೆ ಇದರಿಂದ ನಾಚಿಕೆಯಾಗಿ ಆಗಿ, ಈಗ ಆಗುವುದು ನಿಂತುಹೋಗಿತ್ತು.

ಇಷ್ಟೆಲ್ಲ ಬಿರುದು ಬಾವಲಿ ಇದ್ದರೂ ರಾಯರನ್ನು ಒಂದು ಕಾಸಿನಷ್ಟೂ ಲೆಕ್ಕಕ್ಕೆ ಇಡದವರು ಒಬ್ಬರಿದ್ದರು. ಅವರ ಹೆಂಡತಿಯ ಅಣ್ಣ. ಅಳತೆ ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಎದುರು ಮನೆಯಲ್ಲೇ ವಾಸ. ನಿವೃತ್ತಿಯ ದಿನ ಇಲಾಖೆಯವರು ಕೊಟ್ಟ ಉಕ್ಕಿನ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಹಜಾರದ ನಡುವೆ ಇಟ್ಟುಕೊಂಡು, ಬಂದವರನ್ನೆಲ್ಲ ಮನಸ್ಸಿನಲ್ಲೇ ತೂಗುತ್ತಿದ್ದರು. ರಾಯರನ್ನು ತೂಗಿದಾಗಲೆಲ್ಲ ತೂಕ ಕಡಿಮೆ ಬರುತ್ತಿತ್ತು.

"ಕಾರ್ಖಾನೆಯವರು ಹೊಸ ಗೋದಾಮು ಕಟ್ತಿದಾರೆ ಭಾವ," ಎಂದು ಒಂದು ಸಂಜೆ ರಾಯರು ಹೇಳಿದರು. "ಅದಕ್ಕೊಬ್ಬ ಮೇಲ್ವಿಚಾರಕ ಬೇಕಂತೆ. ನಾನಲ್ಲದೆ ಇನ್ಯಾರು?"

"ಡಬ್ಬಿ ಕಾಯೋದಕ್ಕೂ ಒಂದು ಮೇಲ್ವಿಚಾರಣೆ!" ಎಂದು ಭಾವ ಕನ್ನಡಕ ಒರೆಸಿಕೊಂಡರು. "ಆಗಲಿ, ಆಗಲಿ. ಡಬ್ಬಿಗಳು ಓಡಿಹೋಗದ ಹಾಗೆ ನೋಡ್ಕೋ."

ಆ ಮಾತು ರಾಯರ ಎದೆಗೆ ನಾಟಿತು. ಆ ಕುರ್ಚಿ ಸಿಗದೆ ಇದ್ದರೆ ಎದುರು ಮನೆಯವರ ಮುಂದೆ ತಲೆ ಎತ್ತುವುದು ಹೇಗೆ ಎಂಬ ಒಂದೇ ಚಿಂತೆ ಅಂದಿನಿಂದ ಅವರನ್ನು ಹಿಡಿದುಕೊಂಡಿತು.

ಅಂಥ ಹೊತ್ತಿನಲ್ಲೇ, ಹೊರಗೆ ಹೋಗಿದ್ದ ಒಂದು ಲಾರಿ ಬಟಾಣಿ ಡಬ್ಬಿ ವಾಪಸು ಬಂತು. ಡಬ್ಬಿಗಳ ಮೈತುಂಬ ಕಂದು ಚುಕ್ಕೆ. ರಾಯರಿಗೆ ಅನ್ನ ಇಳಿಯಲಿಲ್ಲ. ಲಾರಿಯ ಟಾರ್ಪಾಲು ಜಾಲಾಡಿದರು, ಚಾಲಕನ ಮೇಲೆ ಹರಿಹಾಯ್ದರು, ಗೋದಾಮಿನ ಚಾವಣಿಗೆ ಏಣಿ ಹಾಕಿ ಹತ್ತಿ ಹೆಂಚು ಹೆಂಚನ್ನೂ ವಿಚಾರಿಸಿದರು. ಅವನು ಯಾವ ದಾರಿಯಲ್ಲಿ ಒಳಗೆ ಬಂದನೆಂದು ಮಾತ್ರ ತಿಳಿಯಲಿಲ್ಲ.

ಕಾರ್ಖಾನೆಯ ಪ್ರಯೋಗಾಲಯಕ್ಕೆ ಆಗಷ್ಟೇ ಒಬ್ಬ ಹೊಸ ಮೇಡಂ ಬಂದಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಆಕೆ ವಾಪಸು ಬಂದ ಡಬ್ಬಿಗಳನ್ನು ಭೂತಗನ್ನಡಿಯಲ್ಲಿ ನೋಡಿ, "ಹೂಂ," ಎಂದಷ್ಟೇ ಹೇಳಿದರು. ಮಾರನೆಯ ದಿನ ಗೋದಾಮಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಂದೆ ಕನ್ನಡಿಯಂತೆ ಹೊಳೆಯುವ ತವರದ ತಗಡು ಇಟ್ಟರು.

"ಯಾರೂ ಕೈ ತೊಳೀಬೇಡಿ. ಕೆಲಸದಲ್ಲಿ ಹೇಗಿರುತ್ತೋ ಹಾಗೇ ಒಂದು ಸಲ ಅಂಗೈ ಒತ್ತಿ. ಸಾಕು."

"ಯಾಕೆ ಮೇಡಂ?" ಎಂದು ಒಬ್ಬ ಕೇಳಿದ.

"ಆಮೇಲೆ ಹೇಳ್ತೀನಿ."

ಹೇಳಿದ್ದರೆ ಎಲ್ಲರೂ ಓಡಿಹೋಗಿ ಸೋಪು ಹಾಕಿ ಕೈ ತೊಳೆದು ಬರುತ್ತಿದ್ದರು ಎಂಬುದು ಆಕೆಯ ಲೆಕ್ಕ. ರಾಯರ ಲೆಕ್ಕವೇ ಬೇರೆ. ಹೊಸ ಗೋದಾಮು, ಹೊಸ ಮೇಡಂ, ಹೊಸ ಪರೀಕ್ಷೆ! ಒಂದಕ್ಕೆ ಒಂದು ಸೇರಿಸಿದರೆ ಏನಾಗುತ್ತದೆಂದು ತಿಳಿಯದಷ್ಟು ಅವರು ದಡ್ಡರೇ? ಮೇಲ್ವಿಚಾರಕನ ಆಯ್ಕೆ ಶುರುವಾಗಿದೆ! ಅವರು ಎಲ್ಲರಿಗಿಂತ ಮುಂದೆ ನುಗ್ಗಿ, ಉಸಿರು ಬಿಗಿಹಿಡಿದು, ತಗಡು ಕಿರುಗುಟ್ಟುವಂತೆ ಅಂಗೈ ಒತ್ತಿದರು.

"ಇನ್ನೊಂದು ಕೈನೂ ಒತ್ತಲಾ ಮೇಡಂ?"

"ಬೇಡ ರಾಯರೇ. ಒಂದೇ ಸಾಕು."

ತಗಡುಗಳೆಲ್ಲ ಒದ್ದೆ ಬಟ್ಟೆ ಕಟ್ಟಿದ ಒಂದು ತೇವದ ಪೆಟ್ಟಿಗೆಯೊಳಗೆ ಹೋದವು. ರಜೆ ಕಳೆದು ಪೆಟ್ಟಿಗೆ ತೆರೆದಾಗ, ಮೊದಲು ಇಣುಕಿದವರು ರಾಯರೇ. ಎಲ್ಲರ ತಗಡೂ ಇಟ್ಟ ಹಾಗೇ ಬೋಳು. ರಾಯರ ತಗಡಿನಲ್ಲಿ ಮಾತ್ರ ಇಡೀ ಅಂಗೈ ಮೂಡಿತ್ತು! ಗೆರೆ ಗೆರೆಯೂ ಸ್ಪಷ್ಟ, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಕಿರುಬೆರಳು ಕೂಡ ಇದ್ದಂತೆಯೇ ಇತ್ತು, ಕಡು ಕಂದು ಬಣ್ಣದಲ್ಲಿ.

ತುಕ್ಕಿನ ಜೊತೆ ಜನ್ಮ ಸವೆಸಿದ ಮನುಷ್ಯನಿಗೆ ಅದು ತುಕ್ಕು ಅಂತ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಆದರೆ ರಾಯರು ಹುಡುಗರಾಗಿದ್ದಾಗ ಡಬ್ಬಿಗೆ ಚಿತ್ರ ಅಚ್ಚು ಹಾಕುವ ವಿಭಾಗದಲ್ಲಿದ್ದವರು. ಅಲ್ಲಿ ಅಚ್ಚು ಚೆನ್ನಾಗಿ ಹಿಡಿದ ತಗಡು ಪಾಸು, ಹಿಡಿಯದ ಬೋಳು ತಗಡು ಫೇಲು, ರದ್ದಿಗೆ. ಆ ಅಭ್ಯಾಸದ ಕಣ್ಣಿಗೆ ಅಂದು ಕಂಡದ್ದು ಇಷ್ಟು: ಮೇಡಂ ಯಾವುದೋ ಬಣ್ಣ ಹಾಕಿ ಅಚ್ಚು ತೆಗೆದಿದ್ದಾರೆ, ಎಲ್ಲರೂ ಫೇಲು, ತಾನೊಬ್ಬನೇ ಪಾಸು. ಮನುಷ್ಯನಿಗೆ ಪಾಸಾಗುವ ಆಸೆ ಇದ್ದಾಗ ಕಣ್ಣು ಅದರ ಹಿಂದೆಯೇ ಹೋಗುತ್ತದೆ.

ಮೇಡಂ ತಗಡು ಎತ್ತಿ ಬೆಳಕಿಗೆ ಹಿಡಿದವರು ತಮ್ಮನ್ನು ತಾವೇ ಮರೆತರು. "ಅಬ್ಬಾ! ಇಂಥ ಕೈ ಇರುತ್ತೆ ಅಂತ ಓದಿದ್ದೆ. ಕಣ್ಣಾರೆ ನೋಡಿದ್ದು ಇದೇ ಮೊದಲು. ಸಾವಿರಕ್ಕೊಂದು!"

ರಾಯರು ಕಾಲಿನ ಹೆಬ್ಬೆರಳಿನಲ್ಲಿ ನೆಲ ಕೆರೆದರು. "ಏನೋ ಮೇಡಂ, ತಮ್ಮ ದಯೆ."

ಮೇಡಂ ಅವರ ಮುಖ ನೋಡಿ ಹೇಳಬೇಕೆಂದಿದ್ದನ್ನು ನುಂಗಿಕೊಂಡರು. "ಮ್ಯಾನೇಜರ್ ಊರಲ್ಲಿಲ್ಲ. ಬಂದ ಮೇಲೆ ಅವರ ಮುಂದೇನೇ ಮಾತಾಡೋಣ. ಅಲ್ಲೀವರೆಗೂ ಕಾರ್ಖಾನೆಯಲ್ಲಿ ಏನನ್ನೂ ಬರಿಗೈಯಲ್ಲಿ ಮುಟ್ಟಬೇಡಿ," ಎಂದು ಒಂದು ಜೊತೆ ಬಿಳಿ ಕೈಗವಸು ಕೊಟ್ಟರು.

ಸಂಜೆ ರಾಯರು ಬೀದಿಗೆ ಕಾಲಿಟ್ಟದ್ದು ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿಕೊಂಡು, ಬಿಳಿ ಕೈಗವಸುಗಳನ್ನು ಬೀದಿಗೆಲ್ಲ ತೋರಿಸಿಕೊಂಡು. ಹೆಂಡತಿ ಬಾಗಿಲಲ್ಲೇ ಗಾಬರಿಯಾದಳು.

"ಅಯ್ಯೋ, ಏನ್ರೀ! ಕೈ ಸುಟ್ಕೊಂಡ್ರಾ?"

"ಸುಟ್ಕೊಳ್ಳೋ ಕೈಯೇನೇ ಇದು? ಇಡೀ ಕಾರ್ಖಾನೆಯಲ್ಲಿ ಪಾಸಾಗಿರೋದು ಇದೊಂದೇ! ಸಾವಿರಕ್ಕೊಂದು ಅಂದ್ರು. ಬಾಗಿಲು ತೆಗಿ, ನಾನು ಏನೂ ಮುಟ್ಟೋ ಹಾಗಿಲ್ಲ."

"ಕಾಫಿ?"

"ನೀನೇ ಕುಡಿಸ್ಬೇಕು."

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಮೊದಲ ಸಲ ಗಂಡನಿಗೆ ಕಾಫಿ ಕುಡಿಸಿದಳು. ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಗೆ. ಆದರೂ ಅವಳ ಮುಖದಲ್ಲಿ ಒಂದು ಕಳೆ ಬಂದಿತ್ತು. ತನ್ನ ಗಂಡ ಯಾವುದಕ್ಕಾದರೂ ಪಾಸಾಗುತ್ತಾನೆಂದು ಅವಳು ಆಸೆ ಇಟ್ಟುಕೊಂಡು ಎಷ್ಟು ಕಾಲವಾಗಿತ್ತೋ!

ಸುದ್ದಿಗೆ ಕಾಲು ಬೇಕೇ? ಬೆಳಗಾಗುವಷ್ಟರಲ್ಲಿ ಬೀದಿಯ ಟೈಲರ್ ಬಂದು ಕೈಮುಗಿದು ನಿಂತಿದ್ದ. "ರಾಯರೇ, ಹೊಸ ಮಿಷನ್ನು ತಂದಿದೀನಿ. ನಿಮ್ಮಂಥವರ ಕೈ ಬಿದ್ರೆ ನನ್ನ ಕಸುಬು ಏಳಿಗೆಯಾಗುತ್ತೆ. ಒಂದೇ ಒಂದು ಸಲ ಮುಟ್ಟಿ."

ಕಾರ್ಖಾನೆಯಲ್ಲಿ ಮುಟ್ಟಬಾರದು ಎಂದಿದ್ದರೇ ಹೊರತು ಬೀದಿಯಲ್ಲಿ ಮುಟ್ಟಬಾರದು ಎಂದಿರಲಿಲ್ಲವಲ್ಲ! ರಾಯರು ಬೆರಳು ಬೆರಳಾಗಿ ಕೈಗವಸು ಬಿಚ್ಚಿ, ಮಿಷನ್ನಿನ ಚಕ್ರದ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿದರು. ನೆರೆದವರು ತಾವೂ ಕಣ್ಣು ಮುಚ್ಚಿದರು. ಟೈಲರ್ ತನ್ನ ದೊಡ್ಡ ಕತ್ತರಿಯನ್ನೂ ಮುಂದೆ ಚಾಚಿದ. ಆಮೇಲೆ ಸೈಕಲ್ ಅಂಗಡಿಯವನು ಹೊಸ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿದ. ರಾಯರು ಒಂದನ್ನೂ ಬಿಡದೆ ಹ್ಯಾಂಡಲ್ ಸವರಿದರು. ಯಾರಿಗೂ ಇಲ್ಲ ಎನ್ನುವ ಸ್ವಭಾವ ಅವರದಲ್ಲ.

ಕೊನೆಗೆ ಅವರು ಪಾದ ಬೆಳೆಸಿದ್ದು ಎದುರು ಮನೆಗೆ.

"ಏನೋ ಪಾಸಾಯ್ತಂತೆ?" ಎಂದರು ಭಾವ, ಪತ್ರಿಕೆ ಕೆಳಗಿಳಿಸದೆ.

"ಕೈ ನೋಡಿ ಆಯ್ಕೆ ಮಾಡಿದಾರೆ ಭಾವ. ಇದು ತೂಕದ ಕೈ."

"ತೂಕ ನಾನು ನೋಡಿ ಹೇಳಬೇಕು."

"ನೋಡಿ ಹಾಗಾದ್ರೆ!" ಎಂದವರೇ ರಾಯರು ಬಟ್ಟುಗಳ ಪೆಟ್ಟಿಗೆ ತೆರೆದು, ಎಲ್ಲಕ್ಕಿಂತ ದೊಡ್ಡ ಉಕ್ಕಿನ ಬಟ್ಟನ್ನು ಬರಿಗೈಯಲ್ಲಿ ಬಿಗಿಯಾಗಿ ಹಿಡಿದು ತಲೆಯ ಮೇಲಕ್ಕೆತ್ತಿ, ಹಾಗೇ ಹಜಾರದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಭಾವ ಬಾಯಿ ತೆರೆಯುವ ಮೊದಲೇ ಅದನ್ನು ಮಖಮಲ್ಲಿನ ಗುಳಿಯಲ್ಲಿ ಕೂರಿಸಿ, ಗೆದ್ದವರಂತೆ ಹೊರಟುಹೋದರು.

ಆ ವಾರವೆಲ್ಲ ಮೋಡ. ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಹತ್ತುವುದಿಲ್ಲ. ಮ್ಯಾನೇಜರ್ ಬರುವ ದಿನ ರಾಯರು ಇಸ್ತ್ರಿ ಅಂಗಿ ತೊಟ್ಟು ಹೊರಬಂದರೆ ಬಾಗಿಲಲ್ಲಿ ಬೀದಿಗೆ ಬೀದಿಯೇ ನಿಂತಿತ್ತು. ತಮ್ಮನ್ನು ಬೀಳ್ಕೊಡಲು ಬಂದಿದ್ದಾರೆಂದು ರಾಯರ ಕಣ್ಣು ತೇವವಾಯಿತು.

"ಇದನ್ನ ಸ್ವಲ್ಪ ನೋಡಿ ಹೇಳಿ ರಾಯರೇ," ಎಂದು ಟೈಲರ್ ಕತ್ತರಿ ಮುಂದೆ ಹಿಡಿದ. ಅದರ ಮೈಮೇಲೆ ಕಂದು ಕಲೆ. ಸೈಕಲ್ ಅಂಗಡಿಯವನು ಒಂದು ಹ್ಯಾಂಡಲ್ಲನ್ನೇ ಕಿತ್ತು ತಂದಿದ್ದ. ಅದರ ಮೇಲೂ ಅದೇ.

ತುಕ್ಕು ಕಂಡ ಕೂಡಲೇ ರಾಯರ ಮೂಗಿನ ಹೊಳ್ಳೆ ಅರಳಿತು. ಕತ್ತರಿಯನ್ನು ಬೆಳಕಿಗೆ ಹಿಡಿದು, ಮೂಸಿ, ಕೈಗವಸಿನ ಬೆರಳಲ್ಲಿ ಉಜ್ಜಿ ನೋಡಿದರು. ನೂರು ಜನ ಸಾಕ್ಷಿಯಾಗಿ ಗಂಟಲೆತ್ತಿ ತೀರ್ಪು ಕೊಟ್ಟರು: "ಇದು ನೀರಿನ ತುಕ್ಕಲ್ಲ, ಕೈ ಬೆವರಿನ ತುಕ್ಕು! ಬೆವರಲ್ಲಿ ಉಪ್ಪು ಇರುತ್ತೆ. ಯಾವನೋ ದರಿದ್ರ ಕೈಯವನು ಇದನ್ನ ಮುಟ್ಟಿದಾನೆ. ಯಾವನವನು? ಕರ್ಕೊಂಡು ಬನ್ನಿ ನನ್ನ ಮುಂದೆ!"

ಟೈಲರ್ ಮೆಲ್ಲಗೆ ರಾಯರ ಬಲಗೈ ಹಿಡಿದು, ಕೈಗವಸು ಎಳೆದು, ಬೆರಳುಗಳನ್ನು ಕಲೆಯ ಮೇಲೆ ಒಂದೊಂದಾಗಿ ಕೂರಿಸಿದ. ಸೊಟ್ಟ ಕಿರುಬೆರಳಿನ ಜಾಗಕ್ಕೆ ಸೊಟ್ಟ ಕಿರುಬೆರಳು ಅಳತೆ ತೆಗೆದು ಹೊಲಿದಂತೆ ಕೂತಿತು.

"ನನ್ನ ಬಟ್ಟು!" ಎಂದು ಎದುರು ಮನೆಯಿಂದ ಆರ್ಭಟ ಕೇಳಿಸಿತು. ಭಾವ ಉಕ್ಕಿನ ಬಟ್ಟನ್ನು ಮಗುವಿನಂತೆ ಅಪ್ಪಿಕೊಂಡು ಓಡಿಬಂದರು. "ತುಕ್ಕು ಹಿಡಿದ್ರೆ ತೂಕ ಜಾಸ್ತಿ ಆಗುತ್ತೆ ಕಣೋ! ನನ್ನ ಮನೆಯಲ್ಲೇ ಸುಳ್ಳು ತೂಕದ ಬಟ್ಟು! ನನ್ನ ಇಡೀ ಸರ್ವೀಸಲ್ಲಿ ಇಂಥ ಅಪರಾಧ ನೋಡಿರ್ಲಿಲ್ಲ!"

ರಾಯರಿಗೆ ಭಾವನ ಕೂಗು ಕೇಳಿಸಲಿಲ್ಲ. ಅವರ ಕಣ್ಣ ಮುಂದೆ ನಿಂತಿದ್ದದ್ದು ತೇವದ ಪೆಟ್ಟಿಗೆಯೊಳಗಿನ ಆ ತಗಡು. ಬಣ್ಣವಲ್ಲ ಅದು. ಅವನೇ. ಇಷ್ಟು ವರ್ಷ ಹುಡುಕಿದ ಕಳ್ಳ ತಮ್ಮ ಅಂಗೈಯಲ್ಲೇ ಮನೆ ಮಾಡಿಕೊಂಡಿದ್ದಾನೆ!

ಅವರು ಕಾರ್ಖಾನೆಯ ಕಡೆ ನಡೆದರು. ಹಿಂದೆ ಹೆಂಡತಿ, ಅವಳ ಹಿಂದೆ ಬಟ್ಟು ಹೊತ್ತ ಭಾವ, ಅವರ ಹಿಂದೆ ಕತ್ತರಿ, ಹ್ಯಾಂಡಲ್ಲು. ಗೇಟಿನ ಕಾವಲಿನವನು ಇದೇನೋ ಮುಷ್ಕರವಿರಬೇಕೆಂದು ಹೆದರಿ ಎಲ್ಲರನ್ನೂ ಒಳಗೆ ಬಿಟ್ಟ.

ಮ್ಯಾನೇಜರ್ ಕೋಣೆಯಲ್ಲಿ ಆಗಲೇ ಒಬ್ಬ ಮಾರಾಟಗಾರ ಕೂತಿದ್ದ. ಡಬ್ಬಿಯ ಹೊರಮೈಗೆ ಬಳಿಯುವ ವಾರ್ನಿಷ್ ಮಾರುವವನು. ವಾಪಸು ಬಂದ ಲಾರಿಯ ಸುದ್ದಿ ಮೂಸಿಕೊಂಡು ಬಂದು, ವಾರ್ನಿಷ್ ಬಳಿದ ಮಾದರಿ ತಗಡುಗಳನ್ನು ಮೇಜಿನ ಮೇಲೆಲ್ಲ ಹರಡಿದ್ದ. ಪಕ್ಕದಲ್ಲಿ ಮೇಡಂ ನಿಂತಿದ್ದರು. ಅವರ ಕೈಯಲ್ಲಿ ರಾಯರ ತಗಡು.

ರಾಯರು ಯಾರಿಗೂ ಮಾತಾಡಲು ಬಿಡಲಿಲ್ಲ. ಗೋದಾಮಿನ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟರು.

"ಕಳ್ಳ ಸಿಕ್ಕಿದಾನೆ ಸಾರ್. ನಾನೇ. ದಿನಾ ಸಂಜೆ ಬೀಗ ಹಾಕೋ ಮುಂಚೆ ಒಂದೊಂದು ಅಟ್ಟಿ ಹತ್ರ ಹೋಗಿ, ಡಬ್ಬಿಗಳನ್ನ ತಟ್ಟಿ, 'ಮಲಗ್ರಪ್ಪ, ನಾಳೆ ಬರ್ತೀನಿ' ಅಂತ ಹೇಳಿ ಬರ್ತಿದ್ದೆ. ಈ ಹಾಳು ಕೈಯಲ್ಲೇ ತಟ್ಟಿದ್ದು. ಅವನಿಂದ ಕಾಪಾಡ್ತಿದೀನಿ ಅಂದ್ಕೊಂಡು ನಾನೇ ಅವನನ್ನ ಒಳಗೆ ಬಿಟ್ಕೊಂಡು ಬಂದೆ." ಗೊಂಚಲನ್ನು ಮ್ಯಾನೇಜರ್ ಕಡೆಗೆ ತಳ್ಳಿದರು. "ಹೊಸ ಗೋದಾಮು ಬೇರೆ ಯಾರಿಗಾದ್ರೂ ಕೊಡಿ."

ಭಾವ ಬಟ್ಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು.

"ಕೆಲವರ ಬೆವರೇ ಹಾಗೆ ರಾಯರೇ," ಎಂದರು ಮೇಡಂ ಮೆತ್ತಗೆ. "ಅದು ನಿಮ್ಮ ತಪ್ಪಲ್ಲ. ಆದರೆ ಗೋದಾಮಲ್ಲಿ ನಿಮ್ಮನ್ನ ಇಟ್ಕೊಳ್ಳೋಕೆ ಆಗಲ್ಲ."

ರಾಯರು ತಟ್ಟನೆ ತಿರುಗಿ ಹೊರಡಲು ಹೋಗಿ ಕುರ್ಚಿಯ ಕಾಲಿಗೆ ಎಡವಿದರು. ಬೀಳದ ಹಾಗೆ ಮೇಜು ಹಿಡಿಯಲು ಹೋದವರು ಮಾರಾಟಗಾರನ ಒಂದು ತಗಡಿನ ಮೇಲೆ ಬರಿಗೈ ಊರಿದರು. "ಅಯ್ಯೋ, ಅದನ್ನ ಹಾಳು ಮಾಡಿದ್ರಿ!" ಎಂದು ಹೆಂಡತಿ ಚೀರಿದಳು.

ಮಾರಾಟಗಾರ ನಕ್ಕ. "ಇರಲಿ ಬಿಡಮ್ಮ. ಇವರಂಥ ನೂರು ಜನ ಮುಟ್ಟಲಿ. ನಮ್ಮ ವಾರ್ನಿಷ್ ಬಳಿದ ಡಬ್ಬೀನ ಸಮುದ್ರದಲ್ಲಿ ಮುಳುಗಿಸಿಟ್ರೂ ಒಂದು ಚುಕ್ಕೆ ಬರಲ್ಲ. ಈ ಯಜಮಾನರ ಕೈ ಯಾವ ಲೆಕ್ಕ?"

ಯಾವ ಲೆಕ್ಕ! ರಾಯರು ತಲೆ ಎತ್ತಿದರು. ಕೆಲಸ ಹೋಗಿತ್ತು, ಮಾನ ಹೋಗಿತ್ತು, ಬೀದಿಯ ಮುಂದೆ ಮುಖ ಹೋಗಿತ್ತು. ಉಳಿದಿದ್ದದ್ದು ಸಾವಿರಕ್ಕೊಂದು ಎನಿಸಿಕೊಂಡ ಈ ಕೈಯೊಂದು. ಅದನ್ನೂ ಒಬ್ಬ ದಾರಿಹೋಕ ಹೀಯಾಳಿಸುವುದೇ?

"ಹಾಗಾದ್ರೆ ಇನ್ನೊಂದು ಕೈನೂ ಇಡ್ತೀನಪ್ಪ," ಎಂದರು. ಎಡಗೈಯ ಗವಸು ಕಿತ್ತೆಸೆದು, ಉಳಿದ ತಗಡುಗಳ ಮೇಲೆಲ್ಲ ಒಂದಾದ ಮೇಲೊಂದು ಅಂಗೈ ಒತ್ತುತ್ತ ಹೋದರು. "ತಗೊಳ್ಳಿ ಮೇಡಂ! ಪೆಟ್ಟಿಗೇಲಿಡಿ! ಇವನ ಸಮುದ್ರ ದೊಡ್ಡದೋ ನನ್ನ ಕೈ ದೊಡ್ಡದೋ ನೋಡೇಬಿಡೋಣ!"

ಮೇಡಂ ಕಣ್ಣು ಮಿನುಗಿತು. ತಗಡುಗಳನ್ನು ಬಾಚಿಕೊಂಡು ಆಕೆ ಹೊರಟೇಬಿಟ್ಟರು. ಮಾರಾಟಗಾರನಿಗೆ ಮೊದಲ ಸಲ ಬೆವರು ಕಾಣಿಸಿಕೊಂಡಿತು.

ಪೆಟ್ಟಿಗೆ ತೆರೆದ ದಿನ ಮಾರಾಟಗಾರನ ತಗಡುಗಳ ಮೇಲೆ ರಾಯರ ಹತ್ತು ಬೆರಳೂ ಹೂವು ಬಿಟ್ಟ ಹಾಗೆ ಅರಳಿದ್ದವು. ಮ್ಯಾನೇಜರ್ ಒಂದು ತಗಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಉಪ್ಪುನೀರಲ್ಲಿ ನೆನೆಸಿದಾಗ ಇದು ಪಾಸಾಗಿತ್ತಲ್ಲ ಮೇಡಂ?"

"ಆಗಿತ್ತು ಸಾರ್. ಬೆವರಲ್ಲಿ ಉಪ್ಪಿನ ಜೊತೆ ಹುಳಿಯೂ ಇರುತ್ತೆ. ಆದರೆ ಡಬ್ಬೀನ ಸಮುದ್ರ ಮುಟ್ಟೋದಿಲ್ಲ, ಜನ ಮುಟ್ತಾರೆ. ಲಾರಿಯವರು, ಅಂಗಡಿಯವರು, ಕೊಳ್ಳೋರು. ಇವರ ಕೈ ತಡ್ಕೊಂಡ ವಾರ್ನಿಷ್ ಯಾರ ಕೈಯನ್ನಾದ್ರೂ ತಡ್ಕೊಳ್ಳುತ್ತೆ. ಇವರನ್ನ ನನಗೆ ಕೊಟ್ಬಿಡಿ."

ಹೀಗೆ ಹೊಸ ಗೋದಾಮಿನ ಕುರ್ಚಿ ಬೇರೆ ಯಾರಿಗೋ ಹೋಯಿತು. ಡಬ್ಬಿರಾಯರು ಪ್ರಯೋಗಾಲಯಕ್ಕೆ ಬಂದರು. ಅವರ ಕೆಲಸ ಮುಟ್ಟುವುದು. ಬರೀ ಮುಟ್ಟುವುದು. ಒಬ್ಬೊಬ್ಬ ಮಾರಾಟಗಾರನೂ ತನ್ನ ವಾರ್ನಿಷ್ ಹೊತ್ತು ತರುತ್ತಿದ್ದ. ರಾಯರು ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ಕೈ ಬೆವರಲೆಂದು ಒಂದು ಲೋಟ ಬಿಸಿ ಕಾಫಿ ಕುಡಿದು, ನಿಧಾನಕ್ಕೆ ಒತ್ತುತ್ತಿದ್ದರು. ಪೆಟ್ಟಿಗೆ ತೆರೆದಾಗ ಮಾರಾಟಗಾರ ತನ್ನ ಚೀಲ ಎತ್ತಿಕೊಂಡು ಹಿಂಬಾಗಿಲಿನಿಂದ ಹೋಗುತ್ತಿದ್ದ. ಬಿಸಿಲುಗಾಲ ಬಂದು ಬೆವರು ಹೆಚ್ಚಾದಾಗಲಂತೂ ರಾಯರನ್ನು ಹಿಡಿಯುವವರೇ ಇರಲಿಲ್ಲ.

ಬೀದಿಯಲ್ಲಿ ಅವರ ಕಥೆ ನಗೆಪಾಟಲಾಗಿಯೇ ಉಳಿದಿತ್ತು. ಟೈಲರ್ ಅವರನ್ನು ಕಂಡರೆ ಕತ್ತರಿ ಬಚ್ಚಿಡುತ್ತಿದ್ದ. ಭಾವ, "ಏನಪ್ಪ, ಇವತ್ತು ಎಷ್ಟು ಜನರ ಹೊಟ್ಟೆ ಮೇಲೆ ಹೊಡೆದೆ?" ಎಂದು ಕೇಳುತ್ತಿದ್ದರು. ಹೆಂಡತಿ ಮಾತ್ರ, "ನಮ್ಮನೆಯವರು ಕೈಯಿಟ್ಟ ಮೇಲೆ ಯಾವ ಕಂಪನಿಯೂ ನಿಲ್ಲಲ್ಲ," ಎಂದು ನಲ್ಲಿಯ ಹತ್ತಿರ ಕೊಡ ಕೆಳಗಿಟ್ಟು ಹೇಳಿಕೊಳ್ಳುತ್ತಿದ್ದಳು. ಕೇಳಿದವರಿಗೆ ಅದು ಹೊಗಳಿಕೆಯೋ ದೂರೋ ತಿಳಿಯುತ್ತಿರಲಿಲ್ಲ.

ಒಂದು ದಿನ ಮೇಡಂ ತೇವದ ಪೆಟ್ಟಿಗೆಯಿಂದ ಒಂದು ತಗಡು ತೆಗೆದು ಮಾತಿಲ್ಲದೆ ರಾಯರ ಮುಂದೆ ಇಟ್ಟರು. ಆಕೆಯೇ ತಿಂಗಳುಗಟ್ಟಲೆ ಕೂತು, ಬೆರೆಸಿ, ಕುದಿಸಿ, ಬಳಿದು ಮಾಡಿದ ಲೇಪ. ತಗಡು ಬೋಳಾಗಿತ್ತು. ರಾಯರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಭೂತಗನ್ನಡಿ ತರಿಸಿಕೊಂಡರು. ಒಂದು ಚುಕ್ಕೆ ಇಲ್ಲ. ಅವರ ಮುಖ ಮಾತ್ರ ಅದರಲ್ಲಿ ಫಳಫಳ ಕಾಣುತ್ತಿತ್ತು.

"ಇನ್ನೊಂದು ಸಲ ಒತ್ತಲಾ ಮೇಡಂ?"

"ಒತ್ತಿ."

ಮತ್ತೆ ಒತ್ತಿದರು. ಓಡಿ ಬಂದು ಒತ್ತಿದರು, ಬಿಸಿಲಲ್ಲಿ ನಿಂತು ಬಂದು ಒತ್ತಿದರು, ಖಾರದ ಮೆಣಸಿನಕಾಯಿ ಕಡಿದು ಹಣೆಯ ಬೆವರನ್ನೂ ಸೇರಿಸಿ ಒತ್ತಿದರು. ಎಷ್ಟು ಸಲ ಪೆಟ್ಟಿಗೆ ತೆರೆದರೂ ತಗಡು ಹೊಳೆಯುತ್ತಲೇ ಇತ್ತು. ಆ ವಾರವೇ ಹೊಸ ಲೇಪ ಹಚ್ಚಿದ ಡಬ್ಬಿಗಳು ಲಾರಿಗಟ್ಟಲೆ ಹೊರಟವು. ಒಂದೂ ವಾಪಸು ಬರಲಿಲ್ಲ.

ಆ ಸಂಜೆ ರಾಯರು ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದರು.

"ಸೋತೆ ಕಣೇ! ನಾನು ಸೋತೆ! ನನ್ನ ಕೈಯಲ್ಲಿ ಏನೂ ಮಾಡೋಕಾಗ್ಲಿಲ್ಲ!"

ಹೆಂಡತಿ ಕೈಯಲ್ಲಿದ್ದ ಸೌಟಿನ ಸಮೇತ ಹೊರಗೆ ಓಡಿಬಂದಳು. ಟೈಲರ್ ಮಿಷನ್ ನಿಲ್ಲಿಸಿದ. ಸೋತವನೊಬ್ಬ ಇಷ್ಟು ಎದೆಯುಬ್ಬಿಸಿ ಬರುವುದನ್ನು ಆ ಬೀದಿ ಎಂದೂ ನೋಡಿರಲಿಲ್ಲ. ರಾಯರ ಕಂಕುಳಲ್ಲಿ ಹೊಸ ಲೇಪದ ಒಂದು ಬಟಾಣಿ ಡಬ್ಬಿ ಇತ್ತು. ಅದನ್ನು ಬರಿಗೈಯಲ್ಲಿ ಸವರಿ ಸವರಿ ಎಲ್ಲರಿಗೂ ತೋರಿಸಿದರು. "ನೋಡಿ, ನೋಡಿ! ನನ್ನನ್ನೇ ಗೆದ್ದಿದೆ ಈ ಡಬ್ಬಿ! ಇನ್ನು ಲೋಕದಲ್ಲಿ ಯಾರು ಮುಟ್ಟಿದ್ರೂ ಅವನು ಹತ್ರ ಸುಳಿಯಲ್ಲ!"

ಎದುರು ಮನೆಯ ಬಾಗಿಲು ತೆರೆಯಿತು. ಭಾವ ಮೆಟ್ಟಿಲಿಳಿದು ಬಂದು, ಡಬ್ಬಿ ಇಸಿದುಕೊಂಡು, ಇನ್ಸ್‌ಪೆಕ್ಟರಾಗಿದ್ದಾಗಿನ ಕಣ್ಣಿನಲ್ಲಿ ಸುತ್ತಲೂ ತಿರುಗಿಸಿ ನೋಡಿದರು. ತಳ ನೋಡಿದರು, ಅಂಚು ನೋಡಿದರು. ದೋಷ ಸಿಗಲಿಲ್ಲ.

"ಸರಿಯಾಗಿದೆ ಕಣಯ್ಯ," ಎಂದರು ಕೊನೆಗೆ. "ಅಪ್ಪಟವಾಗಿದೆ. ನಿನ್ನಿಂದಾಗಿ ಒಂದು ಒಳ್ಳೆ ಕೆಲಸ ಆಯ್ತು."

ಹಾಗೆಂದವರು ರಾಯರ ಕೈ ಕುಲುಕಲು ಬಲಗೈ ಮುಂದೆ ಚಾಚಿದರು. ಬೀದಿಯವರೆಲ್ಲ ನೋಡುತ್ತಿದ್ದರು. ಚಾಚಿದ ಕೈಯನ್ನು ಭಾವ ಅಲ್ಲೇ ತಡೆದು, ಮಣಿಕಟ್ಟಿನ ಉಕ್ಕಿನ ಗಡಿಯಾರವನ್ನು ಬಿಚ್ಚಿ ಭದ್ರವಾಗಿ ಜೇಬಿನಲ್ಲಿಟ್ಟುಕೊಂಡು, ಆಮೇಲೆ ರಾಯರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.